ಮೆಂತ್ಯ ಹೊತ್ತ ಹಸಿಬೆ

ಸ್ವಲ್ಪ ಒತ್ತಿಕೊಂಡು ಕೂತುಕೊಳ್ಳಿ, ಹಿಂದಿನವರಿಗೂ ಜಾಗ ಆಗಲಿ. ಈ ಕಥೆ ಮೊದಲಿಂದ ಶುರುವಾಗುವುದಿಲ್ಲ, ನಡುದಾರಿಯಿಂದ ಶುರುವಾಗುತ್ತದೆ. ಯಾಕೆಂದರೆ ನಮ್ಮ ಫಕೀರವ್ವ ಆಗಲೇ ದಾರಿ ತಪ್ಪಿದ್ದಾಳೆ.

ಏಳು ಬೆಟ್ಟಗಳ ಒಂದು ರಾಜ್ಯ. ಆ ರಾಜ್ಯದಲ್ಲಿ ಫಕೀರವ್ವ ಎಂಬ ಹೆಂಗಸು ಇದ್ದಳು ಎಂದು ಹೇಳೋಣವೆಂದರೆ, ಅವಳು ಯಾವ ರಾಜ್ಯದಲ್ಲೂ ಇದ್ದವಳಲ್ಲ, ಹಾದುಹೋದವಳು. ಒಂದು ಊರಿನಲ್ಲಿ ಮೂರು ಊಟ ಮುಗಿಯುವುದರೊಳಗೆ ಅವಳ ಅಂಗಾಲು ತುರಿಸುತ್ತಿತ್ತು. “ಆ ಬೆಟ್ಟದ ಆಚೆ ಏನಿದೆ?” ಅನ್ನುವಳು. “ಇನ್ನೊಂದು ಬೆಟ್ಟ” ಅನ್ನುವರು ಊರಿನವರು. “ಹಾಗಾದರೆ ಅದನ್ನೂ ನೋಡಿಬಿಡಬೇಕು” ಅಂತ ಗಂಟು ಕಟ್ಟುವಳು.

ಅವಳ ಜೊತೆಗೊಂದು ನಾಯಿ. ಹುರಿದ ಮೆಂತ್ಯದ ಬಣ್ಣ, ಮೆಂತ್ಯದಷ್ಟೇ ಕಹಿ ಮುಖ. ಅದಕ್ಕೇ ಅದರ ಹೆಸರು ಮೆಂತ್ಯ. ಆ ಕಾಲದಲ್ಲಿ ನಾಯಿಗಳು ಮಾತಾಡುತ್ತಿದ್ದವು. ಆದರೆ ನಮ್ಮ ನಿಮ್ಮ ಹಾಗೆ ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದವು. ತಿಳಿಯದ್ದನ್ನು ಕೇಳುತ್ತಿದ್ದವು. ಸುಳ್ಳು ಹೇಳಲು ಮಾತ್ರ ಅವಕ್ಕೆ ಬರುತ್ತಿರಲಿಲ್ಲ.

ಮೆಂತ್ಯನ ಬೆನ್ನ ಮೇಲೆ ಒಂದು ಹಸಿಬೆ. ಹಸಿಬೆ ಅಂದರೆ ಎರಡು ಕಡೆಗೂ ಜೇಬು ಇಳಿಬಿಟ್ಟ ಚೀಲ. ಮೊದಮೊದಲು ನಾಯಿಯ ರೊಟ್ಟಿಯನ್ನೂ ಫಕೀರವ್ವನೇ ಹೊರುತ್ತಿದ್ದಳು. ಒಂದು ದಿನ ಏರುದಾರಿಯಲ್ಲಿ ಏದುಸಿರು ಬಿಡುತ್ತಾ, “ತಿನ್ನೋನು ನೀನು, ಹೊರೋಳು ನಾನಾ?” ಅಂದಳು.

“ಹೊಲಿದುಕೊಡು ಅಕ್ಕಾ, ಹೊರ್ತೀನಿ” ಅಂದಿತು ಮೆಂತ್ಯ. “ಕೈ ಇದ್ದಿದ್ದರೆ ನಾನೇ ಹೊಲೀತಿದ್ದೆ.”

ಅವತ್ತೇ ಹಳೆಯ ಕಂಬಳಿ ಕತ್ತರಿಸಿ ಹೊಲಿದಳು. ಹೊಟ್ಟೆಯಡಿಯ ಪಟ್ಟಿಯಲ್ಲಿ ಎರಡು ಬೆರಳು ಆಡುವಷ್ಟು ಸಡಿಲ. ಎಡ ಜೇಬು, ಬಲ ಜೇಬು ಸಮತೂಕ, ಇಲ್ಲದಿದ್ದರೆ ಚೀಲ ಒಂದು ಕಡೆಗೆ ಜಾರಿ ಚರ್ಮ ಉಜ್ಜಿಹೋಗುತ್ತದೆ. ಅದಕ್ಕೇ ಇವತ್ತು ಎಡದಿಂದ ರೊಟ್ಟಿ ತೆಗೆದರೆ ನಾಳೆ ಬಲದಿಂದ. ಜೋಳದ ರೊಟ್ಟಿ, ನೀರು ಕುಡಿಯಲು ಒಂದು ಕರಟ, ಮಲಗಲು ಒಂದು ತುಂಡು ಗೋಣಿ. ಮೆಂತ್ಯನ ಸಂಸಾರ ಅಷ್ಟೇ. ಆದರೂ ಹಸಿಬೆ ಬೆನ್ನೇರಿದ ದಿನದಿಂದ ಅದರ ನಡಿಗೆಯೇ ಬದಲಾಯಿತು. ಮಾವನ ಮನೆಗೆ ಹೊರಟ ಹೊಸ ಅಳಿಯನ ಹಾಗೆ ಬಾಲ ಎತ್ತಿ ನಡೆಯುತ್ತಿತ್ತು.

ಇಂಥ ಇಬ್ಬರು ಐದನೆಯ ಬೆಟ್ಟದ ಬುಡದಲ್ಲಿ ನಿಂತಿದ್ದರು. ಎದುರಿಗೆ ಮೂರು ದಾರಿ. ಬೆಟ್ಟ ದಾಟಿಸಿ ಆಚೆಯ ಕಣಿವೆಗೆ ಇಳಿಸುವ ದಾರಿ ಯಾವುದೋ ಗೊತ್ತಿಲ್ಲ.

ಮರದ ಮೇಲೆ ಒಂದು ಮುಸುವ ಕೂತಿತ್ತು. “ಅಣ್ಣಾ, ಕಣಿವೆಗೆ ಹೇಗೆ ಹೋಗೋದು?” ಎಂದು ಕೇಳಿದಳು ಫಕೀರವ್ವ.

“ದಾರಿ ಯಾಕೆ ಬೇಕು? ಕೊಂಬೆ ಹಿಡಿ, ಹಾರು” ಅಂದಿತು ಮುಸುವ.

ಹಳ್ಳದಲ್ಲಿ ಒಂದು ಆಮೆ ಇತ್ತು. “ಅಜ್ಜಾ, ಕಣಿವೆಗೆ ಹೇಗೆ ಹೋಗೋದು?”

“ಮನೆ ಬೆನ್ನ ಮೇಲೇ ಇದ್ದರೆ ದಾರಿ ತಪ್ಪೋದು ಹೇಗಮ್ಮಾ?” ಅಂದಿತು ಆಮೆ. ಆಮೇಲೆ ಮೆಂತ್ಯನ ಹಸಿಬೆ ನೋಡಿ, “ನಿನ್ನದು ಸಣ್ಣ ಮನೆ” ಅಂತ ಕನಿಕರ ಪಟ್ಟಿತು.

ಅಷ್ಟರಲ್ಲಿ ತಲೆಯ ಮೇಲೆ ಉಪ್ಪಿನ ಮೂಟೆ ಹೊತ್ತ ಒಬ್ಬ ಮುದುಕಿ ಬಂದಳು. “ಅವ್ವಾ, ಕಣಿವೆಗೆ ಹೇಗೆ ಹೋಗೋದು?”

“ನಡೂ ದಾರಿ ಹಿಡಿ ಮಗಳೇ. ಅರ್ಧ ಏರಿದರೆ ಹೊರೆಗಲ್ಲು ಸಿಗುತ್ತೆ. ಅಲ್ಲಿಂದ ನೇರ ನೆತ್ತಿಗೆ, ಅದರಾಚೆ ಕಣಿವೆ.” ಮುದುಕಿ ಹಾಗೇ ಹೊರಟವಳು, ನಾಯಿಯನ್ನು ನೋಡಿ ನಿಂತಳು. “ಆ ಚೀಲ ಯಾರದು?”

“ನನ್ನದು” ಅಂದಿತು ಮೆಂತ್ಯ.

“ಅಯ್ಯೋ, ಆ ಮಾತು ಇಲ್ಲೇ ನುಂಗಿಬಿಡು! ಹೊರೆಗಲ್ಲು ಬರೋದಕ್ಕೆ ಮುಂಚೆ ಚೀಲ ಬಿಚ್ಚಿ ನಿನ್ನ ಅಕ್ಕನ ಕೈಗೆ ಕೊಡು.”

“ಯಾಕೆ?” ಎಂದರು ಇಬ್ಬರೂ ಒಟ್ಟಿಗೆ. ಯಾಕೆ ಎಂದು ಕೇಳುವುದರಲ್ಲಿ ಇಬ್ಬರದೂ ಒಂದೇ ಬುದ್ಧಿ.

ಮುದುಕಿ ನಿಂತಲ್ಲೇ ಹೇಳಿದಳು. ಹಿಂದೆ ಆ ಬೆಟ್ಟದಲ್ಲಿ ಹೊರೆ ಹೊರುವವರ ಪಾಡು ನಾಯಿಪಾಡಾಗಿತ್ತು. ಸಾಹುಕಾರರು ಜೊತೆಗೆ ಕುದುರೆಯ ಮೇಲೆ ಬಂದು, ಹೊತ್ತವರು ಕೂತರೆ ಹೊಡೆಯುವರು, ನಿಂತರೆ ಬೈಯುವರು. ಅದನ್ನು ಕಂಡ ಒಬ್ಬ ರಾಣಿ ಒಂದು ಕಟ್ಟಳೆ ಮಾಡಿದಳು. ಬುಡದಿಂದ ನೆತ್ತಿಯ ತನಕ ಹೊರೆ ಹೊತ್ತವರದು. ಎಲ್ಲಿ ಇಳಿಸಬೇಕು, ಯಾವಾಗ ಎತ್ತಬೇಕು, ಅವರೇ ಹೇಳಬೇಕು. ಅರ್ಧ ದಾರಿಯಲ್ಲಿ ಹೊರೆಗಲ್ಲು ನೆಡಿಸಿದಳು. ಎರಡು ಕಲ್ಲುಕಂಬ, ಮೇಲೊಂದು ಅಗಲವಾದ ಚಪ್ಪಡಿ, ಹೆಗಲ ಎತ್ತರಕ್ಕೆ. ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಬಹುದು, ಮತ್ತೆ ಏರಿಸಿಕೊಳ್ಳಬಹುದು. ಕಲ್ಲಿನ ಮೇಲಿಟ್ಟ ಹೊರೆಯನ್ನು ಹೊತ್ತವರ ಹೊರತು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಹೊರೆಯ ಜಗಳ ಬಂದರೆ ಆ ಹೊತ್ತಿಗೆ ಅಲ್ಲಿ ನಿಂತ ಹೊರೆಗಾರರೇ ಪಂಚರು.

“ಒಳ್ಳೇ ಕಟ್ಟಳೆ ಅಲ್ಲವಾ?” ಅಂದಳು ಫಕೀರವ್ವ.

“ಕಟ್ಟಳೆ ಒಳ್ಳೇದೇ. ಅದನ್ನು ಕಾಯೋಕೆ ಕೂತವನು ಒಳ್ಳೇವನಲ್ಲ. ಈ ಬೆಟ್ಟದ ದಾರಿಯ ಪಾರುಪತ್ಯಗಾರ ಗಿರಿಮಲ್ಲಯ್ಯ. ಹುಷಾರು” ಎಂದು ಮುದುಕಿ ತನ್ನ ದಾರಿ ಹಿಡಿದಳು.

ಫಕೀರವ್ವ ನಾಯಿಯ ಮುಖ ನೋಡಿದಳು. “ಏನಪ್ಪಾ, ಕೊಡ್ತೀಯಾ?”

“ಇಷ್ಟು ದೂರ ಹೊತ್ತಿದೀನಿ. ನೋಡೋರು ಇರೋ ಕಡೆ ಬಂದಾಗ ಬಿಚ್ಚಿಕೊಡಲಾ?” ಅಂದಿತು ಮೆಂತ್ಯ.

ಫಕೀರವ್ವನಿಗೆ ನಗು ಬಂತು. ಹತ್ತು ರಾಜ್ಯ ಸುತ್ತಿದವಳು, ಹತ್ತು ನಮೂನೆಯ ಪಾರುಪತ್ಯಗಾರರನ್ನು ಕಂಡವಳು. ಹನ್ನೊಂದನೆಯವನು ಹೇಗಿರುತ್ತಾನೋ ನೋಡೇಬಿಡೋಣ ಅನ್ನಿಸಿತು. ಹೆಚ್ಚು ಊರು ನೋಡಿದವರು ಮಾಡುವ ತಪ್ಪು ಇದೇ ನೋಡಿ.

ಮಧ್ಯಾಹ್ನದ ಹೊತ್ತಿಗೆ ಹೊರೆಗಲ್ಲು ಸಿಕ್ಕಿತು. ಪಕ್ಕದಲ್ಲೇ ಪಾರುಪತ್ಯಗಾರನ ಮನೆ. ಅಂಗಳದಲ್ಲಿ ಮೂರು ಪ್ರಾಣಿಗಳನ್ನು ಕಟ್ಟಿಹಾಕಿತ್ತು. ಒಂದು ಕತ್ತೆ, ಒಂದು ಎತ್ತು, ಒಂದು ಟಗರು.

“ನೀವು ಯಾರು?” ಎಂದು ಕೇಳಿತು ಮೆಂತ್ಯ.

“ಅಗಸರವನ ಜೊತೆಗಿದ್ದೆ, ಬಟ್ಟೆ ಹೊತ್ತು ಬಂದೆ. ಈಗ ಇವನ ನೀರು ಹೊರ್ತೀನಿ” ಅಂದಿತು ಕತ್ತೆ.

“ಕುಂಬಾರನ ಜೊತೆಗಿದ್ದೆ, ಮಡಕೆ ಹೊತ್ತು ಬಂದೆ. ಈಗ ಇವನ ಸೌದೆ ಹೊರ್ತೀನಿ” ಅಂದಿತು ಎತ್ತು.

ಟಗರು ಹಸಿಬೆ ನೋಡಿ ನಿಟ್ಟುಸಿರು ಬಿಟ್ಟಿತು, ಅಷ್ಟೇ.

ಅಷ್ಟರಲ್ಲಿ ಮನೆಯೊಳಗಿಂದ ಪಲ್ಲಕ್ಕಿ ಬಂತು. ಮನೆಯಿಂದ ಹೊರೆಗಲ್ಲಿಗೆ ಮೂವತ್ತು ಹೆಜ್ಜೆ. ಅಷ್ಟಕ್ಕೂ ಪಲ್ಲಕ್ಕಿ! ಕೆಳಗಿಳಿದರೆ ಮರ್ಯಾದೆಯೂ ಇಳಿದುಹೋಗುತ್ತದೆ ಎಂದು ಗಿರಿಮಲ್ಲಯ್ಯನ ನಂಬಿಕೆ. ನಾಲ್ಕು ಜನ ಹೊತ್ತವರು ಬೆವರುತ್ತಾ ನಿಂತರು. ಕಲ್ಲಿನ ಸುತ್ತ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಹತ್ತಿಪ್ಪತ್ತು ಜನ ಎದ್ದು ನಿಂತರು.

ಪಲ್ಲಕ್ಕಿಯ ಪರದೆಯಿಂದ ಒಂದು ದುಂಡು ಮುಖ ಹೊರಗೆ ಬಂತು. “ಓಹೋ! ಚೀಲ ಹೊತ್ತ ನಾಯಿ! ನಾನು ಇಂಥದ್ದು ನೋಡೇ ಇಲ್ಲವಲ್ಲ. ಏನಪ್ಪಾ, ಚೀಲ ಬಹಳ ಚೆನ್ನಾಗಿದೆ. ಯಾರದು?”

ಫಕೀರವ್ವ ಬಾಯಿ ತೆರೆಯುವುದರೊಳಗೆ ಮೆಂತ್ಯ ಎದೆಯುಬ್ಬಿಸಿ ಹೇಳಿಬಿಟ್ಟಿತು. “ನನ್ನದು.”

“ಕೇಳಿದಿರೇನ್ರಪ್ಪಾ?” ಗಿರಿಮಲ್ಲಯ್ಯ ಬೆರಳು ಮಡಚಿದ. “ಒಂದು, ಹೊರೆ ಹೊತ್ತವರದು, ಅದು ರಾಣಿಯ ಕಟ್ಟಳೆ. ಎರಡು, ಸ್ವಂತ ಹೊರೆ ಇರೋ ನಾಯಿ ಇನ್ನೊಬ್ಬರ ನಾಯಿಯಲ್ಲ. ಮೂರು, ಯಾರದೂ ಅಲ್ಲದ ನಾಯಿ ಬೆಟ್ಟದ್ದು, ಬೆಟ್ಟದ್ದೆಲ್ಲ ನನ್ನದು. ಕಟ್ರೋ ಅದನ್ನ! ನನ್ನ ಎಲೆಅಡಿಕೆ ಚೀಲ ಹೊತ್ತುಕೊಂಡು ಪಲ್ಲಕ್ಕಿಯ ಹಿಂದೆ ಬರಲಿ. ನೋಡೋಕೆ ಅಂದವಾಗಿರುತ್ತೆ.”

ಇಬ್ಬರು ದೊಣ್ಣೆಯಾಳುಗಳು ಮೆಂತ್ಯನ ಕೊರಳಿಗೆ ಹಗ್ಗ ಬಿಗಿದರು. ಟಗರಿನ ಪಕ್ಕ ಕಟ್ಟಿದರು.

ಈಗ ಫಕೀರವ್ವನ ನಗು ಹಾರಿಹೋಯಿತು. ಹತ್ತು ರಾಜ್ಯದಲ್ಲಿ ಅವಳು ಏನೇನೋ ಕಳೆದುಕೊಂಡಿದ್ದಳು, ಎರಡು ಛತ್ರಿ, ಲೆಕ್ಕವಿಲ್ಲದಷ್ಟು ಚಪ್ಪಲಿ. ಒಂದಕ್ಕೂ ಅತ್ತಿರಲಿಲ್ಲ. ನಾಯಿಯನ್ನು ಬಿಟ್ಟು ಒಂದು ಹೆಜ್ಜೆ ಇಡಲು ಅವಳ ಕಾಲು ಬರಲಿಲ್ಲ.

“ಸ್ವಾಮಿ, ಆ ಹಸಿಬೆ ಹೊಲಿದವಳು ನಾನು” ಅಂದಳು.

“ಕಟ್ಟಳೆ ಹೊಲಿದವರದು ಅನ್ನಲ್ಲ, ಹೊತ್ತವರದು ಅನ್ನುತ್ತೆ” ಅಂದ ಗಿರಿಮಲ್ಲಯ್ಯ.

ಫಕೀರವ್ವ ಸರಕ್ಕನೆ ಹೋಗಿ ಮೆಂತ್ಯನ ಹಸಿಬೆ ಬಿಚ್ಚಿದಳು, ತನ್ನ ಹೆಗಲಿಗೆ ಹಾಕಿಕೊಂಡಳು. “ಈಗ ಹೊತ್ತವಳು ನಾನು. ಹೊರೆ ನನ್ನದಾಯ್ತು. ನಾಯಿ ಕೊಡಿ.”

“ಆಹಾ! ಹಾಡುಹಗಲೇ ನಾಯಿಯ ಸ್ವತ್ತು ಕಿತ್ತುಕೊಂಡಳು, ಎಲ್ಲರೂ ನೋಡಿದಿರಲ್ಲ? ಇನ್ನೊಂದು ಮಾತಾಡಿದರೆ ನಿನ್ನನ್ನೂ ಕಟ್ಟಿಸ್ತೀನಿ.”

ಹೊರೆಗಾರರು ನೆಲ ನೋಡಿದರು. ಪಂಚರು ಅವರೇ. ಆದರೆ ನಾಳೆಯೂ ಇದೇ ದಾರಿಯಲ್ಲಿ ಬರಬೇಕಾದವರೂ ಅವರೇ.

ಫಕೀರವ್ವ ಹಸಿಬೆಯನ್ನು ಮೆಂತ್ಯನ ಬೆನ್ನಿಗೆ ವಾಪಸು ಕಟ್ಟಿದಳು. ಎರಡು ಬೆರಳು ತೂರಿಸಿ ಸಡಿಲ ನೋಡಿದಳು. ಆಗ ಮೆಂತ್ಯ ಅವಳ ಕಿವಿಯ ಹತ್ತಿರ ಮೂತಿ ತಂದು ಕೇಳಿತು.

“ಅಕ್ಕಾ, ಒಂದು ತಿಳೀಲಿಲ್ಲ. ಆ ಪೆಟ್ಟಿಗೆಯೊಳಗೆ ಇರೋದು ಏನು?”

“ಮನುಷ್ಯ.”

“ಅವನಿಗೆ ಕಾಲಿಲ್ಲವಾ?”

“ಇದೆ.”

“ಮತ್ತೆ ಅವರು ನಾಲ್ಕು ಜನ ಯಾಕೆ ಅವನನ್ನು...” ಮೆಂತ್ಯ ತಲೆ ಓರೆ ಮಾಡಿತು. “ಅಕ್ಕಾ, ಅವರು ಹೊತ್ತಿರೋದು ಹೊರೆ ತಾನೇ?”

ಫಕೀರವ್ವ ನಾಯಿಯ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಎದ್ದು ಸೆರಗು ಕೊಡವಿ ನೇರ ಪಲ್ಲಕ್ಕಿಯ ಮುಂದೆ ಹೋಗಿ ಕೈಮುಗಿದಳು.

“ಸ್ವಾಮಿ, ಸೋತೆ. ನಾಯಿ ನಿಮ್ಮದೇ ಅಂತಿಟ್ಟುಕೊಳ್ಳಿ. ಆದರೆ ನಾನು ಊರೂರು ತಿರುಗೋಳು. ಮುಂದಿನ ರಾಜ್ಯದಲ್ಲಿ ಜನ ಕೇಳ್ತಾರೆ, ಆ ಬೆಟ್ಟದ ಕಟ್ಟಳೆ ಏನು ಅಂತ. ತಪ್ಪಾಗಿ ಹೇಳಬಾರದಲ್ಲ? ಇನ್ನೊಂದು ಸಲ ಹೇಳಿ. ಹೊರೆ ಯಾರದು?”

“ಹೊತ್ತವರದು” ಅಂದ ಗಿರಿಮಲ್ಲಯ್ಯ, ಹೆಮ್ಮೆಯಿಂದ.

“ಪ್ರಾಣಿ ಹೊತ್ತರೂ?”

“ಪ್ರಾಣಿ ಹೊತ್ತರೂ.”

“ಮನುಷ್ಯರು ಹೊತ್ತರೂ?”

“ಯಾರು ಹೊತ್ತರೂ! ಎಷ್ಟು ಸಲ ಹೇಳಬೇಕು?”

“ಸಾಕು” ಎಂದಳು ಫಕೀರವ್ವ. ಪಲ್ಲಕ್ಕಿ ಹೊತ್ತವರ ಕಡೆ ತಿರುಗಿದಳು. ಮುಂದಿನ ಬೊಂಬಿಗೆ ಹೆಗಲು ಕೊಟ್ಟಿದ್ದ ಮೊದಲನೆಯವನನ್ನು ಕೇಳಿದಳು. “ಅಣ್ಣಾ, ನೀನು ಹೊತ್ತಿರೋ ಈ ಹೊರೆ ಯಾರದು?”

ಅವನು ಕಾಲಿನಿಂದ ನೆಲ ಕೆದರಿದ.

ಎರಡನೆಯವನನ್ನು ಕೇಳಿದಳು. “ಅಣ್ಣಾ, ಈ ಹೊರೆ ಯಾರದು?” ಅವನು ಆಕಾಶ ನೋಡಿದ.

ಹಿಂದಿನ ಬೊಂಬಿನ ಹತ್ತಿರ ದ್ಯಾಮಣ್ಣ ಇದ್ದ. ಎಲ್ಲರಿಗಿಂತ ಹಿರಿಯ. ಮೂವತ್ತು ವರ್ಷ ಹೊತ್ತು ಹೊತ್ತು ಹೆಗಲ ಮೇಲೆ ಲಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಅವನ ಮುಂದೆ ನಿಂತು ಫಕೀರವ್ವ ಕೇಳಿದಳು. “ಅಣ್ಣಾ, ಒಂದೇ ಒಂದು ಮಾತು. ಈ ಹೊರೆ ಯಾರದು?”

ದ್ಯಾಮಣ್ಣ ಕಟ್ಟಿಹಾಕಿದ ಕತ್ತೆಯನ್ನು ನೋಡಿದ, ಎತ್ತನ್ನು ನೋಡಿದ, ಟಗರನ್ನು ನೋಡಿದ. ಆಮೇಲೆ ನಿಧಾನವಾಗಿ ಹೇಳಿದ.

“ನಮ್ಮದು.”

“ಏನಂದೆಯೋ!” ಎಂದು ಒಳಗಿಂದ ಕೂಗಿದ ಗಿರಿಮಲ್ಲಯ್ಯ. “ನಾಳೆಯಿಂದ ನಿನಗೆ ಕೆಲಸ ಇಲ್ಲ! ನನ್ನ ಅನ್ನ ತಿಂದು...”

“ಹೊರೆ ಮಾತಾಡಬಾರದು” ಅಂದ ದ್ಯಾಮಣ್ಣ.

ಮೊದಲು ನಕ್ಕವನು ಯಾರೋ ಗೊತ್ತಿಲ್ಲ. ಆಮೇಲೆ ಎಲ್ಲರೂ ನಕ್ಕರು. ಹೆದರಿಕೊಂಡು ನಿಂತ ಜನ ಒಂದು ಸಲ ನಕ್ಕುಬಿಟ್ಟರೆ ಮತ್ತೆ ಹೆದರುವುದು ಕಷ್ಟ.

“ಹೆಗಲು ನೋಯ್ತಿದೆ ಕಣ್ರೋ, ಇಳಿಸೋಣ” ಅಂದ ದ್ಯಾಮಣ್ಣ. ನಾಲ್ಕೂ ಜನ ಪಲ್ಲಕ್ಕಿಯನ್ನು ಒಯ್ದು ಹೊರೆಗಲ್ಲಿನ ಚಪ್ಪಡಿಯ ಮೇಲೆ ಇಟ್ಟರು. ಬಿಟ್ಟು ದೂರ ಸರಿದು ಬೆವರು ಒರೆಸಿಕೊಂಡರು.

ಗಿರಿಮಲ್ಲಯ್ಯ ಒಂದು ಕಾಲು ಹೊರಗೆ ಹಾಕಿದ. ನೆಲ ಸಿಗಲಿಲ್ಲ. ಕಾಲು ಒಳಗೆ ಎಳೆದುಕೊಂಡ. “ಇಳಿಸ್ರೋ!” ಎಂದ. ದೊಣ್ಣೆಯಾಳುಗಳು ಓಡಿ ಬಂದರು.

“ಮುಟ್ಟಬೇಡಿ!” ಎಂದರು ಹೊರೆಗಾರರು ಒಕ್ಕೊರಲಿನಿಂದ. “ಕಲ್ಲಿನ ಮೇಲಿಟ್ಟ ಹೊರೆ. ಹೊತ್ತವರ ಹೊರತು ಯಾರೂ ಮುಟ್ಟೋ ಹಾಗಿಲ್ಲ.” ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ದೊಣ್ಣೆ ಕೆಳಗಿಟ್ಟು ನೆರಳಿಗೆ ಹೋಗಿ ಕೂತರು.

ಫಕೀರವ್ವ ಕಲ್ಲಿನ ಹತ್ತಿರ ಬಂದು ತಲೆಯೆತ್ತಿ ನೋಡಿದಳು. “ಎರಡೇ ದಾರಿ ಸ್ವಾಮಿ. ನೀವು ಹೇಳಿದ್ದು ನಿಜವಾದರೆ ನೀವು ಈ ನಾಲ್ವರ ಸ್ವತ್ತು. ಅವರು ಎತ್ತಿದಾಗ ಏಳಬೇಕು, ಇಟ್ಟಲ್ಲಿ ಕೂರಬೇಕು. ಬೇಡ, ಹೊತ್ತ ಮಾತ್ರಕ್ಕೆ ಹೊರೆ ಹೊತ್ತವರ ಸ್ವತ್ತಾಗಲ್ಲ ಅಂತೀರಾ? ಹಾಗಾದರೆ ನನ್ನ ನಾಯಿ, ಅಗಸನ ಕತ್ತೆ, ಕುಂಬಾರನ ಎತ್ತು, ಆ ಮೂಕ ಟಗರು, ಎಲ್ಲ ಬಿಡಿ. ಅವಸರವೇನಿಲ್ಲ. ಯೋಚನೆ ಮಾಡಿ.”

ಗಿರಿಮಲ್ಲಯ್ಯ ಯೋಚನೆ ಮಾಡಿದ. ನಡುಮಧ್ಯಾಹ್ನದ ಬಿಸಿಲು ಪಲ್ಲಕ್ಕಿಯ ಮೇಲೆ ಬಿದ್ದಿತ್ತು. ಮೊದಲ ಗಳಿಗೆ ಬೈದ. ಎರಡನೆಯ ಗಳಿಗೆ ಬೇಡಿದ. ಮೂರನೆಯ ಗಳಿಗೆಗೆ, “ಬಿಚ್ರಪ್ಪಾ ಹಗ್ಗ, ಎಲ್ಲದರದೂ ಬಿಚ್ಚಿ” ಅಂದ.

ಹಗ್ಗ ಬಿಚ್ಚಿದ ತಕ್ಷಣ ಕತ್ತೆ ಕೆಳಗಿನ ದಾರಿ ಹಿಡಿಯಿತು, ಎತ್ತು ಅದರ ಹಿಂದೆ ಹೋಯಿತು. ಟಗರು ಮಾತ್ರ ಹೊರೆಗಲ್ಲಿನ ಕಂಬಕ್ಕೆ ಒಂದು ಗುದ್ದು ಕೊಟ್ಟು, ಮೇಲಿದ್ದವನ ಚೀರಾಟ ಕೇಳಿಸಿಕೊಂಡು ಆಮೇಲೆ ಹೋಯಿತು. ಪಲ್ಲಕ್ಕಿ ಹೊತ್ತ ನಾಲ್ವರೇ ಹಿಡಿದು ಗಿರಿಮಲ್ಲಯ್ಯನನ್ನು ಕೆಳಗಿಳಿಸಿದರು. ಅವನು ಮನೆಯ ತನಕ ಮೂವತ್ತು ಹೆಜ್ಜೆ ನಡೆದ. ನಡುವೆ ಎರಡು ಸಲ ನಿಂತ.

ನೀತಿ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೇನು. ಕೈಲಾಗದವರ ಕಾವಲಿಗೆಂದು ಮಾಡಿದ ಕಟ್ಟಳೆಯನ್ನು ಅವರ ಕೊರಳಿಗೇ ಹಗ್ಗ ಮಾಡುವವನು, ಮೊದಲು ತಾನು ಯಾರ ಹೆಗಲ ಮೇಲೆ ಕೂತಿದ್ದೇನೆ ಎಂದು ನೋಡಿಕೊಳ್ಳಬೇಕು. ಮಕ್ಕಳೇ, ಇನ್ನೊಂದು. ನಾಯಿ ಕೇಳಿದ ಪ್ರಶ್ನೆ ಅಂತ ತಳ್ಳಿಹಾಕಬೇಡಿ.

ನೀತಿ ಮುಗಿಯಿತು, ಕಥೆ ಇನ್ನೂ ಸ್ವಲ್ಪ ಇದೆ.

ಮೆಂತ್ಯ ಬಂದು ಫಕೀರವ್ವನ ಕಾಲಿಗೆ ಮೈ ಉಜ್ಜಿತು. “ನಾನು ಯಾರದೂ ಅಲ್ಲದ ನಾಯಿ ಅಂತ ಅವನು ಅಂದದ್ದು ಪೂರ್ತಿ ಸುಳ್ಳಲ್ಲ ಅಕ್ಕಾ. ಆದರೂ ನಿನ್ನ ಜೊತೆಗೇ ಬರ್ತೀನಿ.”

“ಬಾರಪ್ಪಾ, ದೊಡ್ಡ ಉಪಕಾರ” ಎಂದಳು. ಕಣ್ಣು ಒರೆಸಿಕೊಂಡು ಗಂಟು ಎತ್ತಿಕೊಂಡಳು. ಹೊರಡಬೇಕು ಅನ್ನುವಾಗ ದ್ಯಾಮಣ್ಣ ಖಾಲಿ ಪಲ್ಲಕ್ಕಿಯ ಪಕ್ಕ ಒಬ್ಬನೇ ಕೂತಿದ್ದುದು ಕಂಡಿತು. ಹೆಗಲ ಗಂಟನ್ನು ಹೆಬ್ಬೆರಳಿನಿಂದ ತಿಕ್ಕಿಕೊಳ್ಳುತ್ತಿದ್ದ.

ಫಕೀರವ್ವ ಗಂಟು ಕೆಳಗಿಟ್ಟಳು. “ಅಣ್ಣಾ, ನೀನು ಒಂದು ಮಾತು ಹೇಳಿದೆ, ನನ್ನ ನಾಯಿ ನನಗೆ ಸಿಕ್ಕಿತು. ನಿನ್ನ ಕೆಲಸ ಹೋಯಿತು. ಆ ಋಣ ನನ್ನ ಮೇಲಿದೆ. ಏನು ಮಾಡಲಿ ಹೇಳು.”

“ಬಿಡು ತಾಯಿ. ಈ ಹೆಗಲಿಗೆ ಇನ್ನೊಂದು ಕಡೆ ಕೆಲಸ ಸಿಗುತ್ತೆ.”

“ಋಣ ಇಟ್ಟುಕೊಂಡು ನಾನು ಯಾವ ರಾಜ್ಯವನ್ನೂ ದಾಟಿಲ್ಲ. ಕೇಳು.”

ದ್ಯಾಮಣ್ಣ ತಲೆ ಕೆರೆದುಕೊಂಡ. ಸುತ್ತ ನೋಡಿದ. ನಾಚಿಕೊಂಡು ಹೇಳಿದ. “ಈ ನೆತ್ತಿಗೆ ನಾನು ಎಷ್ಟು ಸಾವಿರ ಸಲ ಹತ್ತಿದೀನೋ ಗೊತ್ತಿಲ್ಲ. ಅಲ್ಲಿಂದ ಬಹಳ ಚೆಂದ ಕಾಣುತ್ತಂತೆ. ಒಳಗೆ ಕೂತವರು ಹೇಳ್ತಾರೆ. ಹೊರೋನು ಕಾಲಡಿ ನೋಡಬೇಕು, ಎಡವಿದರೆ ನಾಲ್ಕು ಜನ ಬೀಳ್ತಾರೆ. ನೆತ್ತಿ ಮುಟ್ಟಿದ ಮೇಲೆ ನೋಡೋಣ ಅಂದರೆ, ಅಷ್ಟರಲ್ಲಿ ಒಳಗಿನವರು ‘ತಿರುಗ್ರೋ’ ಅಂತಾರೆ. ಅದೊಂದು... ಒಂದು ಸಲ ಕೂತು ನೋಡಬೇಕು ಅಂತ.”

“ಏಳು, ಹತ್ತು” ಅಂದಳು ಫಕೀರವ್ವ.

ಉಳಿದ ಮೂವರು ಬಿದ್ದು ಬಿದ್ದು ನಕ್ಕರು. “ಯಜಮಾನ್ರು ಪಲ್ಲಕ್ಕಿ ಏರಿದರು ದಾರಿ ಬಿಡ್ರೋ!” ಎಂದು ಕೂಗಿದರು. ಆದರೂ ಬೊಂಬಿಗೆ ಹೆಗಲು ಕೊಟ್ಟರು. ದ್ಯಾಮಣ್ಣನ ಜಾಗಕ್ಕೆ ಫಕೀರವ್ವ. ಅವಳ ಗಂಟು ದ್ಯಾಮಣ್ಣನ ತೊಡೆಯ ಮೇಲೆ.

ಇಪ್ಪತ್ತು ಹೆಜ್ಜೆಗೆ ಅವಳ ಹೆಗಲು ಉರಿಯಿತು. ನಲವತ್ತಕ್ಕೆ ಸೊಂಟ ಹಿಡಿಯಿತು. ನೂರಕ್ಕೆ ಅವಳಿಗೆ ತಿಳಿದುಹೋಯಿತು, ತಾನು ಇಷ್ಟು ರಾಜ್ಯ ಸುತ್ತಿದರೂ ನೋಡದೇ ಹೋದದ್ದು ಒಂದು ಇತ್ತು ಅಂತ. ಮೆಂತ್ಯ ಹಸಿಬೆ ಕುಣಿಸುತ್ತಾ ಅವಳ ಪಕ್ಕದಲ್ಲೇ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಅದರ ಹಿಂಗಾಲು ಮತ್ತು ದಾರಿಯ ಕಲ್ಲು, ಅವೆರಡನ್ನು ಬಿಟ್ಟು ಅವಳಿಗೆ ಏನೂ ಕಾಣಲಿಲ್ಲ.

ಗಾಳಿ ತಣ್ಣಗಾಯಿತು. ಬೆಟ್ಟದ ಆಚೆಯ ಬದಿ ತೆರೆದುಕೊಂಡಿತೆಂದು ಕಿವಿಗೆ ತಿಳಿಯಿತು.

“ಅಣ್ಣಾ, ಏನು ಕಾಣುತ್ತೆ?” ಎಂದು ಕೇಳಿದಳು, ತಲೆ ಎತ್ತದೆ.

ಮೇಲೆ ಪರದೆ ಸರಿದ ಸದ್ದಾಯಿತು.

“ಹೊಳೆ ಕಾಣುತ್ತಾ? ಊರು ಕಾಣುತ್ತಾ? ಇನ್ನೊಂದು ಬೆಟ್ಟವಾ?”

“ಸ್ವಲ್ಪ ಸುಮ್ಮನಿರು ತಾಯಿ” ಅಂದ ದ್ಯಾಮಣ್ಣ. “ನೋಡ್ತಾ ಇದೀನಿ.”

‘ತಿರುಗ್ರೋ’ ಎಂದು ಯಾರೂ ಹೇಳಲಿಲ್ಲ. ಫಕೀರವ್ವ ಬೊಂಬನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಅವನು ನೋಡಿ ಮುಗಿಸುವ ತನಕ ಹೊತ್ತು ನಿಂತಳು.